ಮೈಸೂರು ಪಾಕ್ ಒಂದು ಸಲ ಕಲ್ಲು, ಇನ್ನೊಂದು ಸಲ ಪುಡಿ: ಯಾಕೆ ಹೀಗೆ?

ಪ್ರಶ್ನೆ: ಅಕ್ಕಾ, ಅಳತೆಯೆಲ್ಲಾ ಸರಿಯಾಗೇ ಹಾಕಿದ್ದೆ. 1 ಕಪ್ ಕಡ್ಲೆಹಿಟ್ಟು, 2 ಕಪ್ ಸಕ್ಕರೆ, 2 ಕಪ್ ತುಪ್ಪ. ಮೊದಲನೇ ಸಲ ಚಾಕುವೇ ಇಳಿಯಲಿಲ್ಲ. ಎರಡನೇ ಸಲ ತಟ್ಟೆ ಬೋರಲು ಹಾಕಿದರೆ ಮರಳಿನ ಹಾಗೆ ಉದುರಿತು. ಅದೇ ರೆಸಿಪಿ, ಅದೇ ಬಾಣಲೆ. ನಾನು ಎಲ್ಲಿ ತಪ್ಪಿದೆ?

ದಸರಾ ಮುಗಿದು ದೀಪಾವಳಿ ಹತ್ತಿರ ಬಂತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಹಾಗಾಗಿ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ನೇರ ಉತ್ತರ. ನಿಮ್ಮ ಅಳತೆ ಸರಿಯಾಗೇ ಇದೆ. ಎಡವಟ್ಟಾಗಿರುವುದು ಎರಡು ಕಡೆ. ಒಂದು, ಹಿಟ್ಟು ಹಾಕುವ ಹೊತ್ತಿಗೆ ಪಾಕದಲ್ಲಿ ಎಷ್ಟು ನೀರು ಉಳಿದಿತ್ತು ಅನ್ನುವುದು. ಇನ್ನೊಂದು, ಒಲೆಯಿಂದ ಇಳಿಸುವ ಆ ಒಂದು ನಿಮಿಷ. ಈ ಎರಡನ್ನೂ ಕಪ್ಪಿನಲ್ಲಿ ಅಳೆಯೋಕೆ ಆಗಲ್ಲ, ಅದಕ್ಕೇ ರೆಸಿಪಿಯಲ್ಲಿ ಒಂದೊಂದು ಸಾಲಲ್ಲಿ ಮುಗಿಸಿಬಿಟ್ಟಿರುತ್ತಾರೆ.

ನನ್ನ ಮೊದಲನೇ ಮೈಸೂರು ಪಾಕ್ ಕಥೆಯನ್ನೂ ಹೇಳಿಬಿಡುತ್ತೇನೆ, ನಿಮಗೆ ಸ್ವಲ್ಪ ಸಮಾಧಾನ ಆಗಬಹುದು. ಮದುವೆಯಾದ ಹೊಸತು, ಹಬ್ಬಕ್ಕೆ ಅತ್ತೆ ಬರುವವರಿದ್ದರು. ಸ್ಟೀಲ್ ತಟ್ಟೆಗೆ ಸುರಿದೆ, ಅದು ತಟ್ಟೆಗೆ ಕಚ್ಚಿಕೊಂಡಿತು. ಚಾಕು ಹಾಕಿದರೆ ಚಾಕು ಬಾಗಿತು. ಕೊನೆಗೆ ತಟ್ಟೆಯಾದರೂ ಉಳಿಯಲಿ ಅಂತ ರಾತ್ರಿ ಬಿಸಿನೀರಲ್ಲಿ ನೆನೆಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ನೀರಿನ ಮೇಲೆ ತುಪ್ಪ ಕೆನೆಗಟ್ಟಿ ನಿಂತಿತ್ತು, ಅಡಿಯಲ್ಲಿ ನನ್ನ ಮೈಸೂರು ಪಾಕ್ ಹೆಚ್ಚುಕಡಿಮೆ ಹಾಗೇ ಕೂತಿತ್ತು. ಆ ತಟ್ಟೆ ಇನ್ನೂ ಇದೆ, ಅಂಚು ಸ್ವಲ್ಪ ನೆಗ್ಗಿದೆ.

ಆವತ್ತು ಏನಾಗಿತ್ತು ಅಂತ ಗೊತ್ತಾಗೋಕೆ ನನಗೆ ಮೂರ್ನಾಲ್ಕು ವರ್ಷ ಬೇಕಾಯಿತು. ಪಾಕಕ್ಕೆ ಇಟ್ಟು ಫೋನ್ ಹಿಡಿದುಕೊಂಡಿದ್ದೆ. ಬೆರಳ ನಡುವೆ ಎಳೆದರೆ ಒಂದು ಎಳೆ ಬರುವ ಹದ, ಅಂದರೆ ಒಂದೆಳೆ, ದಾಟಿ ಇನ್ನೂ ಗಟ್ಟಿಯಾದ ಎರಡೆಳೆಗೆ ಪಾಕ ಹೋಗಿತ್ತು.

ಪಾಕ ಅಂದರೆ ಸಕ್ಕರೆ ಮತ್ತು ನೀರು, ಅಷ್ಟೇ. ಕುದಿಯುತ್ತಾ ಹೋದ ಹಾಗೆ ನೀರು ಆವಿಯಾಗುತ್ತದೆ, ಸಕ್ಕರೆ ಪಾಲು ಹೆಚ್ಚುತ್ತದೆ, ಕುದಿಯುವ ಬಿಸಿಯೂ ಏರುತ್ತದೆ. ಒಂದೆಳೆ ಪಾಕದಲ್ಲಿ ಇನ್ನೂ ಸುಮಾರು ಕಾಲು ಭಾಗ ನೀರು ಇರುತ್ತದೆ. ಆ ನೀರು ಬೇಕು. ಕಡ್ಲೆಹಿಟ್ಟು ಬೇಯುವುದೇ ಅದರಲ್ಲಿ. ಎರಡೆಳೆ ಬಂದಮೇಲೆ ಹಿಟ್ಟು ಹಾಕಿದರೆ ಹಿಟ್ಟಿಗೆ ಬೇಯಲು ನೀರು ಸಾಲದು, ತುಪ್ಪ ಒಳಗೆ ಸೇರುವ ಮೊದಲೇ ಸಕ್ಕರೆ ಗಟ್ಟಿಯಾಗಲು ಶುರು ಮಾಡುತ್ತದೆ. ಅದೇ ಕಲ್ಲು. ಎಳೆಯೇ ಬರುವ ಮೊದಲು ಹಾಕಿದರೆ ಉಲ್ಟಾ: ಎಷ್ಟು ತಿರುವಿದರೂ ಹಲ್ವದ ಹಾಗೆ ಅಂಟಂಟು.

ಎಳೆ ನೋಡುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಸೌಟಿನ ತುದಿಯಲ್ಲಿ ಒಂದು ಹನಿ ತೆಗೆದುಕೊಳ್ಳಿ. ಹತ್ತು ಎಣಿಸಿ, ಇಲ್ಲಾಂದ್ರೆ ಬೆರಳು ಸುಡುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ನಿಧಾನ ಬಿಡಿಸಿ. ಕಡಿಯದ ಒಂದು ಎಳೆ ಬಂದರೆ ಆಯ್ತು. ಇದನ್ನು ನೋಡುವಾಗ ಉರಿ ಸಣ್ಣ ಮಾಡಿಕೊಳ್ಳಿ, ನೀವು ಬೆರಳು ನೋಡುತ್ತಿರುವಾಗಲೂ ಪಾಕ ಮುಂದೆ ಓಡುತ್ತಲೇ ಇರುತ್ತದೆ.

ಥರ್ಮಾಮೀಟರ್ ಇಟ್ಟುಕೊಂಡವರಿಗೆ ಒಂದು ಮಾತು. ಒಂದೆಳೆ ಅಂದರೆ ಸುಮಾರು 105 ಡಿಗ್ರಿ ಸೆಲ್ಸಿಯಸ್ ಅಂತ ಎಲ್ಲೋ ಓದಿರುತ್ತೀರಿ. ಅದು ಮಂಗಳೂರಿಗೆ ಸರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಬರೀ ನೀರೇ 97ರ ಆಸುಪಾಸಿನಲ್ಲಿ ಕುದಿಯುತ್ತದೆ. ಅಂದರೆ ಪಾಕದ ಲೆಕ್ಕದಲ್ಲೂ ಮೂರು ಡಿಗ್ರಿ ಕಳೆಯಬೇಕು. ಕಳೆಯದೆ 105ಕ್ಕೇ ಕಾಯುತ್ತಾ ನಿಂತರೆ ಒಂದೆಳೆ ಯಾವಾಗಲೋ ದಾಟಿ ಹೋಗಿರುತ್ತದೆ. ಮಡಿಕೇರಿಯವರು ಇನ್ನೂ ಸ್ವಲ್ಪ ಕಳೆಯಬೇಕು. ಬೆರಳಿಗೆ ಈ ತಾಪತ್ರಯ ಇಲ್ಲ, ಎಳೆ ಬಂತು ಅಂದರೆ ಯಾವ ಊರಲ್ಲಾದರೂ ಬಂತು. ನನ್ನ ಥರ್ಮಾಮೀಟರ್ ಈಗ ಡ್ರಾಯರಿನಲ್ಲಿ ಚಮಚಗಳ ಜೊತೆ ಮಲಗಿದೆ.

ಹಿಟ್ಟಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೊದಲು ಜರಡಿ ಹಿಡಿಯಿರಿ, ಆಮೇಲೆ ಅಳೆಯಿರಿ. ಡಬ್ಬಿಗೆ ಕಪ್ ಅದ್ದಿ ಒತ್ತಿ ತುಂಬಿದರೆ ಹಿಟ್ಟು ಜಾಸ್ತಿ ಬೀಳುತ್ತದೆ. ಗಂಟಾಗುತ್ತದೆ ಅನ್ನುವ ಭಯ ಇದ್ದರೆ ಅಳೆದಿಟ್ಟ ತುಪ್ಪದಲ್ಲೇ ಸ್ವಲ್ಪ ತೆಗೆದು ಹಿಟ್ಟಿಗೆ ಕಲಸಿಕೊಂಡು ಪಾಕಕ್ಕೆ ಬಿಡಿ. ಗಂಟು ಬರಲ್ಲ.

ಈಗ ತುಪ್ಪ. ಕಾಯಿಸಿ ಆರಿಸಿಟ್ಟ ತುಪ್ಪ ಸುರಿದಿದ್ದೀರಿ ಅಂತ ನನ್ನ ಅನುಮಾನ, ಯಾಕೆಂದರೆ ಹತ್ತರಲ್ಲಿ ಎಂಟು ಜನ ಅದನ್ನೇ ಮಾಡುತ್ತಾರೆ. ಪಕ್ಕದ ಒಲೆಯಲ್ಲಿ ಸಣ್ಣ ಉರಿಯಲ್ಲಿ ತುಪ್ಪ ಕೊನೆಯ ತನಕ ಬಿಸಿಯಾಗೇ ಇರಬೇಕು. ಒಂದು ಚಿಟಿಕೆ ಹಿಟ್ಟು ಹಾಕಿದರೆ ಚುಯ್ ಅನ್ನಬೇಕು. ಬಾಣಲೆಗೆ ಒಂದೊಂದೇ ಸೌಟು ಬಿಟ್ಟಾಗ ಅಲ್ಲೂ ಅದೇ ಸದ್ದು ಬರಬೇಕು. ಆ ಸದ್ದು ಏನು ಗೊತ್ತಾ? ಪಾಕದಲ್ಲಿ ಉಳಿದಿದ್ದ ನೀರು ಕಾದ ತುಪ್ಪಕ್ಕೆ ಸಿಕ್ಕಿ ಆವಿಯಾಗಿ ಹೊರಗೆ ನುಗ್ಗುತ್ತಿರುತ್ತದೆ. ಹಾಗೆ ನುಗ್ಗುವಾಗ ಹಿಟ್ಟನ್ನು ಉಬ್ಬಿಸಿಕೊಂಡು ಹೋಗುತ್ತದೆ. ಮೈಸೂರು ಪಾಕ್ ಮುರಿದರೆ ಒಳಗೆ ಜೇನುಗೂಡಿನ ಹಾಗೆ ತೂತು ಕಾಣುತ್ತದಲ್ಲ, ಅದು ಆವಿ ಓಡಿಹೋದ ದಾರಿ. ತಣ್ಣನೆಯ ತುಪ್ಪ ಹಾಕಿದರೆ ಆವಿಯೂ ಇಲ್ಲ, ತೂತೂ ಇಲ್ಲ. ಬಾಣಲೆಯ ಬಿಸಿ ದಬಕ್ಕಂತ ಇಳಿದು ಸಕ್ಕರೆ ಕಟ್ಟಿಕೊಳ್ಳುತ್ತದೆ. ಇದೂ ಕಲ್ಲಾಗುವ ಇನ್ನೊಂದು ದಾರಿ.

ಇನ್ನು ಇಳಿಸುವ ಹೊತ್ತು. ನಿಮ್ಮ ಎರಡನೇ ಸಲದ ಮರಳು ಬಂದದ್ದು ಇಲ್ಲಿಂದ. ಮೊದಲನೇ ಸಲ ಗಟ್ಟಿಯಾಯಿತಲ್ಲ, ಬಹುಶಃ ಸರಿಯಾಗಿ ಬೆಂದಿಲ್ಲ ಅಂದುಕೊಂಡು ಈ ಸಲ ಇನ್ನೂ ಐದು ನಿಮಿಷ ತಿರುವಿದಿರಿ, ಅಲ್ವಾ? ನಾನೂ ಹಾಗೇ ಮಾಡಿದ್ದೆ. ನೀರೆಲ್ಲಾ ಹೋದಮೇಲೂ ಕೈಯಾಡಿಸುತ್ತಿದ್ದರೆ ಸಕ್ಕರೆ ಬಾಣಲೆಯಲ್ಲೇ ಸಣ್ಣ ಹರಳಾಗಿ ಒಡೆಯುತ್ತದೆ. ತಟ್ಟೆಯಲ್ಲಿ ಒಂದಾಗಿ ಕೂರಬೇಕಾದ್ದು ಬಾಣಲೆಯಲ್ಲೇ ಬೇರೆಬೇರೆ ಆಗಿರುತ್ತದೆ.

ಎಷ್ಟು ನಿಮಿಷ ಅಂತ ಮಾತ್ರ ಕೇಳಬೇಡಿ. ನನ್ನ ಒಲೆಯಲ್ಲಿ 1 ಕಪ್ ಹಿಟ್ಟಿಗೆ ಹನ್ನೆರಡು ಹದಿಮೂರು ನಿಮಿಷ, ನಿಮ್ಮ ಒಲೆಯ ಉರಿ ನನಗೆ ಗೊತ್ತಿಲ್ಲ. ಗಡಿಯಾರ ಬಿಟ್ಟು ಬಾಣಲೆ ನೋಡಿ. ಮೊದಲು ಹಿಟ್ಟು ತುಪ್ಪವನ್ನೆಲ್ಲಾ ಕುಡಿಯುತ್ತಾ ಇರುತ್ತದೆ, ಎಷ್ಟು ಹಾಕಿದರೂ ಮಾಯ. ಹಸಿ ವಾಸನೆ ಹೋಗಿ ಹುರಿದ ಘಮ ಬರುತ್ತದೆ. ಆಮೇಲೆ ಇಡೀ ಮುದ್ದೆ ನೊರೆನೊರೆಯಾಗಿ ಉಬ್ಬುತ್ತದೆ, ಬಾಣಲೆ ಬಿಟ್ಟುಕೊಂಡು ಸೌಟಿನ ಜೊತೆ ತಿರುಗಲು ಶುರು ಮಾಡುತ್ತದೆ, ಅಂಚಿನಲ್ಲಿ ತುಪ್ಪ ಮತ್ತೆ ಹೊರಗೆ ಕಾಣಿಸಿಕೊಳ್ಳುತ್ತದೆ. ಆಗಲೇ ಸುರಿಯಬೇಕು. ತಟ್ಟೆಗೆ ತುಪ್ಪ ಸವರಿದ್ದೀರೋ ಇಲ್ಲವೋ ಅಂತ ಆಗ ನೆನಪಾದರೆ ಕೆಲಸ ಕೆಟ್ಟಿತು. ಪಾಕಕ್ಕೆ ಇಡುವ ಮೊದಲೇ ತಟ್ಟೆ ತಯಾರಿರಲಿ.

ಸುರಿದಮೇಲೆ ಚಪಾತಿ ಹಿಟ್ಟಿನ ಹಾಗೆ ಒತ್ತಿ ತಟ್ಟಬೇಡಿ, ಕಷ್ಟಪಟ್ಟು ಬರಿಸಿದ ತೂತೆಲ್ಲಾ ಮುಚ್ಚಿಹೋಗುತ್ತದೆ. ತಟ್ಟೆ ಅಲ್ಲಾಡಿಸಿದರೆ ತಾನಾಗೇ ಹರಡುತ್ತದೆ. ಬೆಚ್ಚಗಿರುವಾಗಲೇ ಗೆರೆ ಹಾಕಿ ಕತ್ತರಿಸಿಬಿಡಿ.

ಇಷ್ಟೆಲ್ಲಾ ಎಡವಟ್ಟು ಹೇಳಿದಮೇಲೆ ಒಂದು ಒಳ್ಳೆಯದನ್ನೂ ಹೇಳಬೇಕು. ಒಂದು ವರ್ಷ ಚಿಕ್ಕಮ್ಮ ನಮ್ಮ ಮನೆಯಲ್ಲಿ ಮಾಡುತ್ತಿದ್ದರು. ತಟ್ಟೆಗಳೆಲ್ಲಾ ಚಕ್ಕುಲಿ ಹರಡೋಕೆ ಹೋಗಿದ್ದವು. "ಏನಾದ್ರೂ ಕೊಡೇ, ಬೇಗ!" ಅಂತ ಕೂಗಿದರು. ಕೈಗೆ ಸಿಕ್ಕಿದ್ದು ಉದ್ದನೆಯ, ಆಳವಾದ ಒಂದು ಟಿಫಿನ್ ಡಬ್ಬಿ. ಅದಕ್ಕೇ ಸುರಿದರು. ಕತ್ತರಿಸಿದಾಗ ಮೇಲೆ ಕೆಳಗೆ ಹಳದಿ, ನಡುವೆ ಕಂದು ಪಟ್ಟಿ. ಸೀದುಹೋಯಿತು ಅಂತ ನಾನು ಮುಖ ಸಣ್ಣ ಮಾಡಿಕೊಂಡೆ. ಚಿಕ್ಕಮ್ಮ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಅಂಗಡೀದು ಥರಾನೇ ಬಂದಿದೆಯಲ್ಲೇ" ಅಂದರು. ನಿಜವಾಗಿಯೂ ಹಾಗೇ ಇತ್ತು. ಆಳವಾದ ಪಾತ್ರೆಯಲ್ಲಿ ಅಂಚು ಬೇಗ ಆರುತ್ತದೆ, ನಡುಭಾಗದ ಬಿಸಿ ಹೊರಗೆ ಹೋಗಲು ದಾರಿ ಇಲ್ಲದೆ ಅಲ್ಲೇ ಇನ್ನಷ್ಟು ಹುರಿಯುತ್ತದೆ. ಮಿಠಾಯಿ ಅಂಗಡಿಯ ಆ ಎರಡು ಬಣ್ಣದ ಗುಟ್ಟು ಇಷ್ಟೇ. ಈಗ ನಾನು ತಟ್ಟೆಯ ತಂಟೆಗೇ ಹೋಗಲ್ಲ.

ಹಾಗೇ ಒಂದು ನಿಮಿಷ ಮೊದಲೇ ಇಳಿಸಿ ಮೆತ್ತಗಾಯಿತು ಅಂತ ಬೇಜಾರು ಮಾಡಿಕೊಳ್ಳುವವರಿಗೆ: ತುಪ್ಪ ಜಾಸ್ತಿ ಹಾಕಿ ಬೇಕೆಂದೇ ಮೆತ್ತಗೆ ಮಾಡುವ 'ಮೈಸೂರ್ಪಾ' ಕೊಯಮತ್ತೂರಿನ ಕಡೆ ಬಹಳ ಫೇಮಸ್. ಅದೇ ಮಾಡಿದ್ದು ಅಂತ ಹೇಳಿಬಿಡಿ, ಯಾರೂ ಕೇಳಲ್ಲ. ನನಗೇನೋ ಕಡಿದರೆ ಕರಕ್ ಅಂದು ಆಮೇಲೆ ಕರಗುವ ನಮ್ಮ ಹಳೇ ಥರದ್ದೇ ಇಷ್ಟ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪ ಇದನ್ನು ಮೊದಲು ಮಾಡಿದರು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಅವರಿಗೆ ಮೊದಲನೇ ಸಲವೇ ಸರಿಯಾಗಿ ಬಂತಾ ಅಂತ ನನಗೆ ಯಾವಾಗಲೂ ಕುತೂಹಲ.

ನಿಮ್ಮ ಡಬ್ಬಿಯಲ್ಲಿ ಇನ್ನೂ ಆ ಪುಡಿ ಕೂತಿದ್ದರೆ ಎಸೆಯಬೇಡಿ. ಮಿಕ್ಸಿಗೆ ಒಂದು ಸುತ್ತು ಹಾಕಿ, ಒಂದೆರಡು ಚಮಚ ಬಿಸಿ ಹಾಲು ಚಿಮುಕಿಸಿ ಉಂಡೆ ಕಟ್ಟಿ. ಏಲಕ್ಕಿ, ಹುರಿದ ಗೋಡಂಬಿ ಸೇರಿಸಿದರೆ ಬೇಸನ್ ಲಡ್ಡು ಅಂತಲೇ ಹೋಗುತ್ತದೆ. ಕಲ್ಲಾದದ್ದನ್ನು ಕುಟ್ಟಾಣಿಯಲ್ಲಿ ಕುಟ್ಟಿ, ಬಾಣಲೆಯಲ್ಲಿ ಅರ್ಧ ಕಪ್ ಹಾಲಿನ ಜೊತೆ ಸಣ್ಣ ಉರಿಯಲ್ಲಿ ಕರಗಿಸಿ, ತಳ ಬಿಡುವ ತನಕ ತಿರುವಿ ತಟ್ಟೆಗೆ ಹಾಕಿದರೆ ಬರ್ಫಿ. ಹಾಲು ಬಿದ್ದಿರುವುದರಿಂದ ಇವೆರಡನ್ನೂ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಖಾಲಿ ಮಾಡಿ.