ಹಳೇ ಬಿಬಿಸಿ ಮೈಕ್ರೋಗೆ ಫ್ಲಾಪಿ ಡ್ರೈವ್ ಹಾಕುವ ಮುಂಚೆ

ಹಳೇ ಕಂಪ್ಯೂಟರ್ ರಿಪೇರಿಗೆ ತರುವವರು ಜಾಸ್ತಿ ಕೇಳುವುದು ಒಂದೇ ಪ್ರಶ್ನೆ: "ಮನೆಯಲ್ಲಿ ಪಿಸಿಯಿಂದ ಬಿಚ್ಚಿದ ಫ್ಲಾಪಿ ಡ್ರೈವ್ ಬಿದ್ದಿದೆ, ಇದಕ್ಕೆ ಹಾಕಬಹುದಾ?" ಬಹಳ ಸಲ ಹಾಕಬಹುದು. ಆದರೆ ಕನೆಕ್ಟರ್ ಸರಿಯಾಗಿ ಕೂತಿತು ಅಂದ ಮಾತ್ರಕ್ಕೆ ಎರಡೂ ಹೊಂದಿದವು ಅಂತಲ್ಲ. ಯಾವ ತಂತಿ ಯಾವ ಕೆಲಸಕ್ಕೆ ಅಂತ ನೋಡಲೇಬೇಕು.

ಬಿಬಿಸಿ ಮೈಕ್ರೋವನ್ನೇ ತಗೊಳ್ಳಿ. ಬ್ರಿಟನ್ನಿನ ಏಕಾರ್ನ್ ಕಂಪನಿ 1981ರಲ್ಲಿ ತಂದ ಮಷೀನು. ಮಕ್ಕಳಿಗೆ ಕಂಪ್ಯೂಟರ್ ಕಲಿಸಲು 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೂ ಬಂದಿತ್ತು. ಅದನ್ನು ಮಗುಚಿದರೆ ಅಡಿಯಲ್ಲಿ 34 ಪಿನ್ನಿನ ಡಿಸ್ಕ್ ಕನೆಕ್ಟರ್ ಕಾಣುತ್ತದೆ. ಕನೆಕ್ಟರ್ ಇದೆ ಅಂತ ಖುಷಿಪಡಬೇಡಿ. ಮುಚ್ಚಳ ತೆಗೆದು ಡ್ರೈವನ್ನು ನಡೆಸುವ 8271 ಅಥವಾ 1770 ಕಂಟ್ರೋಲರ್ ಚಿಪ್ ಇದೆಯಾ, ಡಿಸ್ಕ್ ಬಳಸುವ ತಂತ್ರಾಂಶ ಇರುವ ಡಿಎಫ್ಎಸ್ ರಾಮ್ (ROM) ಚಿಪ್ ಇದೆಯಾ ನೋಡಿ. ಅವಿಲ್ಲದೆ ಎಂಥ ಡ್ರೈವ್ ಹಾಕಿದರೂ ಸುಮ್ನೆ.

ಈ 34 ಪಿನ್ನುಗಳಲ್ಲಿ ಬೆಸ ಸಂಖ್ಯೆಯವೆಲ್ಲ ಗ್ರೌಂಡ್, ಸಿಗ್ನಲ್ ಇರುವುದು ಸಮ ಸಂಖ್ಯೆಯವುಗಳಲ್ಲಿ, ಮತ್ತು ಇಲ್ಲಿ ಸಿಗ್ನಲ್ ಗ್ರೌಂಡ್ ಮಟ್ಟಕ್ಕೆ ಇಳಿದರೆ ಅದೇ 'ಆನ್'. ಈಗ ಕೇಬಲ್ಲನ್ನು ಒಂದು ತುದಿಯಲ್ಲಿ ಉಲ್ಟಾ ಹಾಕಿದರೆ ಏನಾಗುತ್ತದೆ? ಡ್ರೈವಿನ ಸಿಗ್ನಲ್ ಪಿನ್ನುಗಳೆಲ್ಲ ಗ್ರೌಂಡಿಗೆ ಸೇರುತ್ತವೆ. ಆನ್ ಮಾಡಿದ ತಕ್ಷಣ ದೀಪ ಹತ್ತಿಕೊಂಡು ಆರುವುದೇ ಇಲ್ಲ, ಮೋಟರ್ ನಿಲ್ಲುವುದೇ ಇಲ್ಲ. ಡ್ರೈವ್ ಸಾಮಾನ್ಯವಾಗಿ ಸುಟ್ಟುಹೋಗುವುದಿಲ್ಲ, ಆದರೆ ಬರೆಯುವ ಸಿಗ್ನಲ್ ಕೂಡ ಆನ್ ಆಗಿರುವುದರಿಂದ ಆಗ ಒಳಗೆ ಡಿಸ್ಕ್ ತೂರಿಸಿದರೆ ಅದರಲ್ಲಿದ್ದದ್ದು ಅಳಿಸಿಹೋಗಬಹುದು. ಹಾಗಾಗಿ ಮೊದಲ ಸಲ ಖಾಲಿ ಡ್ರೈವನ್ನೇ ಆನ್ ಮಾಡಿ. ಆಮೇಲೂ ಬೇಕಾದ ಡಿಸ್ಕ್ ಹಾಕಬೇಡಿ, ಹೋದರೂ ಪರವಾಗಿಲ್ಲ ಅನ್ನುವಂಥದ್ದನ್ನು ಹಾಕಿ.

ಜನ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಡ್ರೈವ್ ನಂಬರಿನ ವಿಷಯಕ್ಕೆ. 10ನೇ ತಂತಿ ಡ್ರೈವ್ 0 ಅನ್ನು ಕರೆಯುತ್ತದೆ, 12ನೇದು ಡ್ರೈವ್ 1 ಅನ್ನು. ಪಿಸಿಗೆ ಅಂತ ಮಾಡಿದ ಡ್ರೈವುಗಳು ಸಾಮಾನ್ಯವಾಗಿ 12ಕ್ಕೆ ಮಾತ್ರ ಓಗೊಡುತ್ತವೆ. ಆದ್ದರಿಂದ ನೇರ ಕೇಬಲ್‌ನಲ್ಲಿ ಸ್ಟಾರ್ ಕ್ಯಾಟ್ 0 (*CAT 0, ಡ್ರೈವ್ 0ರ ಡಿಸ್ಕಿನಲ್ಲಿ ಏನಿದೆ ತೋರಿಸು ಅನ್ನುವ ಆಜ್ಞೆ) ಅಂತ ಕೊಟ್ಟರೆ ಡ್ರೈವ್ ಅಲ್ಲಾಡುವುದಿಲ್ಲ, ಸ್ಟಾರ್ ಕ್ಯಾಟ್ 1 ಅಂದರೆ ಓದುತ್ತದೆ. ಡ್ರೈವ್ ಕೆಟ್ಟಿದೆ ಅಂತ ಎಸೆಯುವ ಮುಂಚೆ ಇದನ್ನೊಮ್ಮೆ ನೋಡಿ, ಪ್ಲೀಸ್. ಡ್ರೈವಿನ ಮೇಲೆ ಜಂಪರ್ (ನಂಬರ್ ಆರಿಸುವ ಪುಟ್ಟ ಕ್ಯಾಪ್) ಇದ್ದರೆ ಅದನ್ನು ಸರಿಸಿದರೆ ಸಾಕು. ಇಲ್ಲದಿದ್ದರೆ ಕೇಬಲ್‌ನಲ್ಲಿ 10 ಮತ್ತು 12 ಮಾತ್ರ ಅದಲುಬದಲು ಮಾಡಬೇಕು. ಪಿಸಿಯ ತಿರುಚಿದ ಕೇಬಲ್ ಇಲ್ಲಿ ನಡೆಯುವುದಿಲ್ಲ, ಯಾಕಂದ್ರೆ ಅದು 10ರಿಂದ 16ರವರೆಗೂ ತಿರುಚಿದೆ, ಡ್ರೈವ್ ಕರೆಯುವ ತಂತಿ ಹೋಗಿ ಮೋಟರ್ ತಂತಿಗೆ ಸೇರಿಬಿಡುತ್ತದೆ.

ಕರೆಂಟಿನ ವಿಷಯದಲ್ಲಿ ಮಾತ್ರ ಊಹೆ ಬೇಡವೇ ಬೇಡ. ಆಮ್‌ಸ್ಟ್ರಾಡ್ ಸಿಪಿಸಿ 6128 ಅನ್ನುವ ಇನ್ನೊಂದು ಹಳೇ ಕಂಪ್ಯೂಟರಿನ 3 ಇಂಚಿನ ಡ್ರೈವಿನ ಪವರ್ ಪ್ಲಗ್, ಪಿಸಿಯ 3.5 ಇಂಚಿನ ಡ್ರೈವಿಗೆ ನೋಡಲು ಹೊಂದುತ್ತದೆ, ಆದರೆ 5 ವೋಲ್ಟ್ ಮತ್ತು 12 ವೋಲ್ಟ್ ಅದಲುಬದಲಾಗಿವೆ. ಹಾಗೇ ಚುಚ್ಚಿದರೆ 5 ವೋಲ್ಟಿನ ಚಿಪ್ಪುಗಳಿಗೆ 12 ಹೋಗುತ್ತದೆ, ಡ್ರೈವಿನ ಕಥೆ ಮುಗಿಯಿತು. ಮಲ್ಟಿಮೀಟರ್ ಹಿಡಿದು ಅಳೆಯಲು ಎಷ್ಟು ಹೊತ್ತು ಬೇಕು ಹೇಳಿ? ಸಿಪಿಸಿಯಲ್ಲಿ ಇನ್ನೊಂದು ತೊಡಕಿದೆ: ಅದು 34ನೇ ಪಿನ್ನಿನಲ್ಲಿ 'ರೆಡಿ' ಸಿಗ್ನಲ್ಲಿಗೆ ಕಾಯುತ್ತದೆ, ಪಿಸಿ ಡ್ರೈವ್ ಅಲ್ಲಿ ಡಿಸ್ಕ್ ಬದಲಾಯಿತು ಅನ್ನುವ ಸಿಗ್ನಲ್ ಕಳಿಸುತ್ತದೆ. ಡ್ರೈವ್ ಕಡೆಯ ತಂತಿ ಬಿಡಿಸಿ, ಕಂಪ್ಯೂಟರ್ ಕಡೆಯದನ್ನು ಗ್ರೌಂಡಿಗೆ ಸೇರಿಸಿದರೆ ಕೆಲಸ ಆಗುತ್ತದೆ.

ಡಿಸ್ಕ್ ಆದಷ್ಟೂ ಡಬಲ್ ಡೆನ್ಸಿಟಿಯದ್ದನ್ನೇ (1.44 ಎಂಬಿಗಿಂತ ಕಡಿಮೆ ಹಿಡಿಸುವ ಹಳೇ ಬಗೆ) ಹುಡುಕಿ. 1.44 ಎಂಬಿ ಡಿಸ್ಕಿನಲ್ಲಿ ಅದರ ಬಗೆಯನ್ನು ಡ್ರೈವಿಗೆ ತಿಳಿಸುವ ತೂತಿಗೆ ಟೇಪ್ ಅಂಟಿಸಿ ನಡೆಸುವವರಿದ್ದಾರೆ, ಆದರೆ ಅದರ ಮೇಲಿನ ಲೇಪವೇ ಬೇರೆ, ಯಾವತ್ತು ಕೈ ಕೊಡುತ್ತದೋ ಹೇಳಲಾಗದು.

ಕಮೋಡೋರ್ 64 ಇಟ್ಟುಕೊಂಡವರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅದರ 1541 ಡ್ರೈವಿನೊಳಗೆ ಅದರದ್ದೇ 6502 ಪ್ರೊಸೆಸರ್, 2 ಕೆಬಿ ಮೆಮೊರಿ ಇದೆ, ಕಂಪ್ಯೂಟರ್ ಜೊತೆ ಮಾತಾಡುವುದು ಸೀರಿಯಲ್ ಕೇಬಲ್ ಮೂಲಕ. 34 ಪಿನ್ನಿನ ಡ್ರೈವನ್ನು ಅದಕ್ಕೆ ನೇರವಾಗಿ ಸಿಕ್ಕಿಸಲು ಆಗುವುದಿಲ್ಲ, ಕೆಟ್ಟಿದ್ದರೆ 1541 ಅನ್ನೇ ರಿಪೇರಿಗೆ ತನ್ನಿ.