ಹೊಳೆ ಹಿಂದಕ್ಕೆ ಹರಿಯುವ ಹೊತ್ತು

ಕಾಸರಗೋಡಿನ ಚಂದ್ರಗಿರಿ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತು ನೋಡಿ. ಹೊಳೆಯಲ್ಲಿ ತೇಲುವ ತೆಂಗಿನ ಮಡಲು ಪಡುವಣ ಕಡಲಿಗೆ ಹೋಗಬೇಕು, ಅಲ್ವಾ? ಕೆಲವು ಹೊತ್ತು ಅದು ಮೂಡಕ್ಕೆ, ಘಟ್ಟದ ಕಡೆಗೆ ಹೊರಟಿರುತ್ತದೆ. ಅಳಿವೆಯಿಂದ ಕಡಲೇ ಒಳಗೆ ಬರುತ್ತಿದೆ. ನಮಗದು ಉಬ್ಬರ. ದೋಣಿಯವರ ಮಲಯಾಳದಲ್ಲಿ ವೇಲಿಯೇಟ್ಟಂ.

ಚಂದ್ರ ನೀರನ್ನು ಮೇಲೆತ್ತುತ್ತಾನೆ ಎಂದು ಶಾಲೆಯಲ್ಲಿ ಕಲಿತಿದ್ದೆವು. ನಾನು ಅದನ್ನೇ ನಂಬಿ, ಒಂದು ಹುಣ್ಣಿಮೆ ರಾತ್ರಿ ಬದಿಯಡ್ಕದ ಅಜ್ಜನ ಮನೆ ಬಾವಿಗೆ ಹಗ್ಗ ಇಳಿಸಿ ಅಳೆದಿದ್ದೆ. ನೀರು ಒಂದು ಬೆರಳೂ ಏರಿರಲಿಲ್ಲ. ಏರುವುದಾದರೂ ಹೇಗೆ? ಚಂದ್ರನ ಈ ಎತ್ತುವ ಬಲ ಭೂಮಿಯ ಸೆಳೆತದ ಕೋಟಿಯಲ್ಲಿ ಒಂದು ಪಾಲಿನಷ್ಟು. ಒಂದು ಕ್ವಿಂಟಾಲ್ ಅಡಿಕೆ ಮೂಟೆಯಲ್ಲಿ ಹತ್ತು ಹನ್ನೊಂದು ಮಿಲಿಗ್ರಾಂ ಹಗುರವಾದೀತು, ಅಷ್ಟೇ.

ಹಾಗಾದರೆ ಕಡಲು ಏರುವುದು ಹೇಗೆ? ಎಳೆತ ಕೆಲಸ ಮಾಡುವುದು ಮೇಲಕ್ಕಲ್ಲ, ಅಡ್ಡಕ್ಕೆ. ಮೇಲೆತ್ತಲು ಹೋದರೆ ಭೂಮಿ ಬಿಡುವುದಿಲ್ಲ. ಅಡ್ಡಕ್ಕೆ ಜಾರಿಸುವಾಗ ಅಂಥ ತಡೆ ಇಲ್ಲ. ಸಾವಿರಾರು ಕಿಲೋಮೀಟರ್ ಉದ್ದಕ್ಕೂ ನೀರು ಚೂರುಚೂರೇ ಜಾರಿ ಒಂದೆಡೆ ಸೇರುತ್ತದೆ. ಬಾವಿಗೆ ಅಷ್ಟು ಅಗಲ ಎಲ್ಲಿದೆ!

ಇನ್ನೊಂದು ಸೋಜಿಗ. ಚಂದ್ರ ಒಬ್ಬನೇ, ದಿನಕ್ಕೆ ಉಬ್ಬರ ಎರಡು. ಸಾಲಾಗಿ ಓಡುವ ಮೂವರು ಹುಡುಗರನ್ನು ನೆನೆಯಿರಿ. ಮುಂದಿನವ ಜೋರು, ನಡುವಿನವ ಹದ, ಹಿಂದಿನವ ನಿಧಾನ. ನಡುವಿನವನಿಗೆ ಇಬ್ಬರೂ ತನ್ನಿಂದ ದೂರವಾದಂತೆ ಕಾಣುತ್ತದೆ. ಚಂದ್ರನತ್ತ ಇರುವ ನೀರು ಮುಂದಿನವ, ಭೂಮಿಯ ನಡುಭಾಗ ನಡುವಿನವ, ಆಚೆ ಬದಿಯ ನೀರು ಹಿಂದುಳಿದವ. ಹತ್ತಿರದ ಬದಿಗೂ ದೂರದ ಬದಿಗೂ ಚಂದ್ರನ ಸೆಳೆತದಲ್ಲಿ ಸುಮಾರು ಶೇಕಡಾ 7ರಷ್ಟು ವ್ಯತ್ಯಾಸ. ಉಬ್ಬರ ಹುಟ್ಟುವುದು ಈ ವ್ಯತ್ಯಾಸದಿಂದ, ಬರೀ ಸೆಳೆತದಿಂದಲ್ಲ. ಸೂರ್ಯ ಭೂಮಿಯನ್ನು ಚಂದ್ರನಿಗಿಂತ ಸುಮಾರು 178 ಪಟ್ಟು ಜೋರಾಗಿ ಸೆಳೆಯುತ್ತಾನೆ. ಆದರೆ ಅವನಿರುವುದು 15 ಕೋಟಿ ಕಿಲೋಮೀಟರ್ ಆಚೆ. ಅಷ್ಟು ದೂರದಿಂದ ಭೂಮಿಯ ಎರಡು ಬದಿ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಅವನ ಉಬ್ಬರ ಚಂದ್ರನದರ ಅರ್ಧಕ್ಕೂ ಸ್ವಲ್ಪ ಕಡಿಮೆ.

ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಇಬ್ಬರೂ ಕೈಜೋಡಿಸುತ್ತಾರೆ, ಉಬ್ಬರ ಜಾಸ್ತಿ. ಅಷ್ಟಮಿ ಹೊತ್ತಿಗೆ ಒಬ್ಬರನ್ನೊಬ್ಬರು ತಗ್ಗಿಸುತ್ತಾರೆ. ಗೋಡೆಯ ಪಂಚಾಂಗ ಇದ್ದರೆ ಅರ್ಧ ಲೆಕ್ಕ ಸಿಕ್ಕಿತು. ಚಂದ್ರನೂ ದಿನದಿನ ಮುಂದೆ ಸರಿಯುವುದರಿಂದ ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ.

ಉಳಿದರ್ಧ ಕರಾವಳಿಯ ಆಕಾರದ್ದು. ನಮ್ಮಲ್ಲಿ ಒಂದು, ಒಂದೂವರೆ ಮೀಟರ್ ಏರಿಳಿತ. ಅದೇ ಅರಬ್ಬಿ ಕಡಲು ಗುಜರಾತಿನ ಖಂಭಾತ್ ಕೊಲ್ಲಿಯ ಇಕ್ಕಟ್ಟಿಗೆ ನುಗ್ಗಿ ಭಾವನಗರದ ಬಳಿ ಹತ್ತು ಮೀಟರ್ ದಾಟುತ್ತದೆ.

ನಮ್ಮ ಒಂದು ಮೀಟರೂ ಸುಮ್ನೆ ಅಲ್ಲ. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಉಬ್ಬರವನ್ನು ಹಿಂದಕ್ಕೆ ತಳ್ಳುವವರಿಲ್ಲ. ಉಪ್ಪುನೀರು ಬಾವಿಕೆರೆಯವರೆಗೂ ಏರುತ್ತಿತ್ತು. ಕಾಸರಗೋಡು ಪೇಟೆಗೆ ಕುಡಿಯುವ ನೀರು ಬರುವುದೂ ಅಲ್ಲಿಂದಲೇ. ಮರಳಿನ ಚೀಲ ಪೇರಿಸಿ ಕಟ್ಟ ಹಾಕುತ್ತಿದ್ದರು. ಅದು ತಡೆಯದ ವರ್ಷ ಎಷ್ಟು ಸಕ್ಕರೆ ಹಾಕಿದರೂ ಚಹಾ ಉಪ್ಪುಪ್ಪು.