ಇಟಲಿ 1944: ರೋಮ್ ಬಿತ್ತು, ಜರ್ಮನ್ ಸೇನೆ ಹೇಗೆ ಉಳಿಯಿತು?

1943ರ ಸೆಪ್ಟೆಂಬರ್ 8ರಂದು ಇಟಲಿ ಮಿತ್ರಪಡೆಗೆ (ಬ್ರಿಟನ್, ಅಮೆರಿಕ ಮುಂತಾದವು) ಶರಣಾದ ಸುದ್ದಿ ಹೊರಬಿತ್ತು. ಅದುವರೆಗೆ ಗೆಳೆಯನಾಗಿದ್ದ ಜರ್ಮನಿ ಎರಡೇ ದಿನದಲ್ಲಿ ರೋಮ್ ಹಿಡಿಯಿತು. 'ಆಕ್ರಮಿತ ಇಟಲಿ' ಅಂದರೆ ಇದರ ನಂತರದ ಕಥೆ.

ಜರ್ಮನ್ ಸೇನಾಪತಿ ಕೆಸೆಲ್ರಿಂಗ್ ದಕ್ಷಿಣದಿಂದ ಹಂತ ಹಂತವಾಗಿ ಹಿಂದೆ ಸರಿದ. ಒಂದು ರಕ್ಷಣಾ ಸಾಲಿನಲ್ಲಿ ಕಾದಾಡುವಾಗಲೇ ಹಿಂದಿನ ಸಾಲು ತಯಾರಾಗುತ್ತಿತ್ತು. ವೋಲ್ಟುರ್ನೊ, ಬಾರ್ಬರಾ, ಬರ್ನ್‌ಹಾರ್ಟ್, ಕೊನೆಗೆ ಗುಸ್ತಾವ್. ಮೊದಲ ಮೂರರ ಹೆಸರು ಗೊತ್ತಿದ್ದರೆ ಸಾಕು.

ನಾನು ಎರಡು ದಿನ ಒದ್ದಾಡಿದ್ದು ಇಲ್ಲಿ. 1944 ಮೇ 18ಕ್ಕೆ ಗುಸ್ತಾವ್ ಸಾಲಿನ ಮೊಂಟೆ ಕ್ಯಾಸಿನೊ ಬೆಟ್ಟ ಬಿತ್ತು. ಜೂನ್ 4ಕ್ಕೆ ರೋಮ್. ಆದರೂ ಇಟಲಿಯಲ್ಲಿ ಯುದ್ಧ ಮುಗಿದದ್ದು 1945 ಮೇ 2ಕ್ಕೆ. ಯಾಕೆ?

ಪೆನ್ಸಿಲ್ ತಗೊಳ್ಳಿ. ಹಾಳೆಯ ಎಡಗಡೆ ಮೇಲೆ ರೋಮ್, ಬಲಗಡೆ ಕೆಳಗೆ ಕ್ಯಾಸಿನೊ. ನಡುವಿನ ಗೆರೆ ಆರನೇ ಹೆದ್ದಾರಿ. ಅದರ ಮೇಲೆ, ರೋಮ್‌ಗೆ ಹತ್ತಿರ, ವಾಲ್ಮೊಂಟೋನೆ ಅಂತ ಒಂದು ಚುಕ್ಕೆ. ರೋಮ್‌ನ ಕೆಳಗೆ, ಕಡಲ ದಂಡೆಯಲ್ಲಿ ಆಂಜಿಯೊ. ಜನವರಿ 22ರಂದು ಮಿತ್ರಪಡೆ ಇಳಿದಿದ್ದು ಅಲ್ಲೇ. ಈಗ ಆಂಜಿಯೊದಿಂದ ವಾಲ್ಮೊಂಟೋನೆಗೆ ಗೆರೆ ಎಳೆಯಿರಿ. ಕ್ಯಾಸಿನೊದಿಂದ ವಾಪಸ್ ಬರುವ ಜರ್ಮನ್ 10ನೇ ಸೇನೆಯ ದಾರಿಗೆ ಅದು ಅಡ್ಡ ಬೀಳುತ್ತೆ ಅಲ್ವಾ? ಇಟಲಿಯಲ್ಲಿ ಮಿತ್ರಸೇನೆಗಳ ಮುಖ್ಯಸ್ಥನಾಗಿದ್ದ ಬ್ರಿಟಿಷ್ ಸೇನಾಪತಿ ಅಲೆಕ್ಸಾಂಡರ್‌ಗೆ ಬೇಕಿದ್ದದ್ದು ಇದೇ. ಆದರೆ ಮೇ 25ರಂದು ಅವನ ಕೈಕೆಳಗಿದ್ದ ಅಮೆರಿಕದ ಸೇನಾಪತಿ ಮಾರ್ಕ್ ಕ್ಲಾರ್ಕ್ ತನ್ನ ಮುಖ್ಯ ಪಡೆಯನ್ನು ರೋಮ್ ಕಡೆ ತಿರುಗಿಸಿದ. ವಾಲ್ಮೊಂಟೋನೆಗೆ ಹೋದ ಪಡೆ ಸಾಲಲಿಲ್ಲ. 10ನೇ ಸೇನೆಯ ಬಹುಪಾಲು ತಪ್ಪಿಸಿಕೊಂಡಿತು. ಬೆಟ್ಟದ ಕಡೆ ಬೇರೆ ರಸ್ತೆಗಳೂ ಇದ್ದವು. ಪೂರ್ತಿ ಸೇನೆ ಸಿಕ್ಕಿಬೀಳುತ್ತಿತ್ತೇ ಅನ್ನುವ ವಾದ ಇತಿಹಾಸಕಾರರಲ್ಲಿ ಇನ್ನೂ ಇದೆ. ನನ್ನ ಮಟ್ಟಿಗೆ ಕ್ಲಾರ್ಕ್ ಮಾಡಿದ್ದು ದೊಡ್ಡ ತಪ್ಪು. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಎರಡೂ ಕಡೆಯ ವಾದ ಬರೆಯಿರಿ.

ಈಗ ನಾನು ಪ್ರತಿ ದಿನಾಂಕದ ಪಕ್ಕ ಎರಡು ಪ್ರಶ್ನೆ ಬರೆದುಕೊಳ್ಳುತ್ತೇನೆ. ಯಾವ ಊರು ಹೋಯ್ತು? ಅಲ್ಲಿದ್ದ ಸೇನೆ ಎಲ್ಲಿಗೆ ಹೋಯ್ತು? ಸುಮ್ನೆ ಊರಿನ ಪಟ್ಟಿ ಬಾಯಿಪಾಠ ಮಾಡಿದರೆ ಎರಡನೆಯದು ಕೈತಪ್ಪುತ್ತೆ.

ತಪ್ಪಿಸಿಕೊಂಡ ಸೇನೆ ಉತ್ತರದ ಗಾಥಿಕ್ ಸಾಲಿನತ್ತ ಸರಿಯಿತು, ದಾರಿಯುದ್ದಕ್ಕೂ ತಡೆಯೊಡ್ಡುತ್ತಾ. ಬೆನ್ನಟ್ಟಿದವರಲ್ಲಿ ಭಾರತದ ಸೈನಿಕರೂ ಇದ್ದರು. ಜುಲೈ 10ರಂದು ಟೈಬರ್ ನದಿಯ ಮೇಲ್ಕಣಿವೆಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಯಶವಂತ ಘಾಡ್ಗೆ ಅವರ ತುಕಡಿಯವರೆಲ್ಲ ಸತ್ತೋ ಗಾಯಗೊಂಡೋ ಬಿದ್ದರು. ಅವರೊಬ್ಬರೇ ಮಷಿನ್‌ಗನ್ ನೆಲೆಗೆ ನುಗ್ಗಿ ಅದನ್ನು ಅಡಗಿಸಿದರು. ಆಮೇಲೆ ಗುಂಡೇಟಿಗೆ ಬಲಿಯಾದರು. ವಯಸ್ಸು 22. ಆ ರೆಜಿಮೆಂಟಿನ ಕೇಂದ್ರ ಇವತ್ತು ನಮ್ಮ ಬೆಳಗಾವಿಯಲ್ಲಿದೆ.